ತುಟಿಗೆ ಮುಟ್ಟಿಸದೆ

ಮಳೆಗಾಲವಿಡೀ ಬಿಚ್ಚಿಟ್ಟಿದ್ದ ಉತ್ತಯ್ಯನವರ ಸಿನೆಮಾ ಟೆಂಟು ತುಲಾ ಸಂಕ್ರಮಣ ಕಳೆದ ವಾರ ಸುಂಟಿಕೊಪ್ಪದ ಮೈದಾನದಲ್ಲಿ ಮತ್ತೆ ಎದ್ದಾಗ, ಅದರಿಂದ ಶಾಮಣ್ಣ ಮಾಷ್ಟ್ರ ಮನೆಯಲ್ಲಿ ಜಗಳ ಹುಟ್ಟೀತು ಎಂದು ಯಾರೂ ಎಣಿಸಿರಲಿಲ್ಲ. ಹುಟ್ಟುವುದಿದ್ದರೆ ಹಿಂದಿನ ವರ್ಷವೇ ಹುಟ್ಟಬೇಕಿತ್ತು. ಮಾಷ್ಟ್ರ ಮಗಳು ಗೋಮತಿ ಟೆಂಟಿನ ಪಕ್ಕದ ತಗಡಿನ ಶೆಡ್ಡಿಗೆ ಹೋಗಿ ಹರಿದ ಫಿಲ್ಮು ಜೋಡಿಸುವ ಕೆಲಸ ಹಿಡಿದದ್ದು ಆಗ.

ಉತ್ತಯ್ಯನವರು ಯುದ್ಧಕಾಲದಲ್ಲಿ ಬರ್ಮಾ ಗಡಿಯ ಸೈನಿಕರಿಗೆ ಸಿನೆಮಾ ತೋರಿಸುತ್ತಿದ್ದವರು. ಸುಬೇದಾರರಾಗಿ ನಿವೃತ್ತರಾದ ಮೇಲೆ ಊರಿಗೆ ಬಂದು ಪ್ರೊಜೆಕ್ಟರ್ ಕೊಂಡು ಟೆಂಟು ಹಾಕಿದ್ದರು. ಊರೂರು ಸುತ್ತಿ ಸುಂಟಿಕೊಪ್ಪಕ್ಕೆ ಬರುವ ಹೊತ್ತಿಗೆ ಫಿಲ್ಮಿನ ಅಂಚು ಹರಿದಿರುತ್ತಿತ್ತು, ಹಳೆಯ ಜೋಡಣೆ ಬಿಟ್ಟುಕೊಂಡಿರುತ್ತಿತ್ತು. ಹರಿದದ್ದನ್ನು ನೇರಕ್ಕೆ ಕತ್ತರಿಸಿ, ಒಂದು ಬದಿಯ ಲೇಪವನ್ನು ಬ್ಲೇಡಿನಿಂದ ಕೆರೆದು, ಸಿಮೆಂಟು ಎಂದು ಕರೆಯುವ ದ್ರವ ಸವರಿ, ಒತ್ತಿ ಹಿಡಿಯಬೇಕು. ಆ ಜಾಗ ಓಡುವಾಗ ಪರದೆಯ ಮೇಲೆ ಚಿತ್ರ ಹಾರಬಾರದು.

"ಮಾಷ್ಟ್ರೇ, ನನ್ನ ಕಣ್ಣೂ ಪೆನ್ಷನ್ ತಗೊಂಡಿತು," ಎಂದು ಅವರು ಹಿಂದಿನ ವರ್ಷ ಶಾಮಣ್ಣನ ಜಗಲಿಯಲ್ಲಿ ಕೂತು ಹೇಳಿದ್ದರು. "ಕೈ ನಡುಗದವರು, ಅವಸರ ಇಲ್ಲದವರು ಒಬ್ಬರು ಬೇಕು. ನಿಮ್ಮ ಮಗಳು ಇಂಟರ್ ಸೈನ್ಸ್ ಮಾಡಿ ಮನೇಲೇ ಇದ್ದಾಳಲ್ಲ. ಹಗಲು ಕೆಲಸ. ಶೆಡ್ಡಲ್ಲಿ ನನ್ನ ಹೆಂಡತಿ ಇರ್ತಾಳೆ."

ಹಗಲು ಕೆಲಸ, ಜನ ಇಲ್ಲದ ಜಾಗ. ಶಾಮಣ್ಣ ಒಪ್ಪಿದ್ದರು. ಅವರ ಹೆಂಡತಿ ವಾರಿಜಾಕ್ಷಿಗೆ ಅಷ್ಟು ಮನಸ್ಸಿರಲಿಲ್ಲ. ಪುತ್ತೂರಿನ ಕಡೆಯಿಂದ ಹೆಣ್ಣು ನೋಡಲು ಬಂದವರು ಈ ಸುದ್ದಿ ಕೇಳಿದರೆ ಎಂಬ ಭಯ. ಆದರೆ ಗೋಮತಿ ಶೆಡ್ಡಿನಿಂದ ಬಂದು ರಾತ್ರಿ ರೊಟ್ಟಿ ತಟ್ಟುವುದು, ದನಕ್ಕೆ ಹುಲ್ಲು ಹಾಕುವುದು ಯಾವುದನ್ನೂ ತಪ್ಪಿಸಲಿಲ್ಲವಾದ್ದರಿಂದ ಆ ಭಯ ಹಾಗೇ ಹಳೆಯದಾಯಿತು.

ಬೆಳಗಿನ ಕೆಲಸ ಬೇರೆಯೇ ಇತ್ತು. ಪೇಟೆಯ ಹಿಂದಿನ ಸಣ್ಣ ಗಣಪತಿ ಗುಡಿಯ ಪೂಜೆ ಶಾಮಣ್ಣನದು, ನೈವೇದ್ಯ ಅವರ ಮನೆಯಿಂದ ಹೋಗಬೇಕು. ಅದಕ್ಕಾಗಿ ಅಡುಗೆಮನೆಯ ಒಳಗೆ ಇನ್ನೊಂದು ಸಣ್ಣ ಕೋಣೆ, ಅದರಲ್ಲಿ ಒಂದೇ ಒಲೆ. ಅದನ್ನು ದೇವರ ಒಲೆ ಎನ್ನುತ್ತಿದ್ದರು. ಶಾಮಣ್ಣನ ತಾಯಿ ವಿಶಾಲಾಕ್ಷಮ್ಮ ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಆ ಒಲೆಯ ಮುಂದೆ ಕೂತವರು. ಈಗ ತಲೆ ಬೋಳಿಸಿದ, ಕೆಂಪು ಸೀರೆಯ, ಒಪ್ಪತ್ತು ಉಣ್ಣುವ ಮುದುಕಿ. ಕಣ್ಣಿಗೆ ಪೊರೆ ಬಂದು ಅಕ್ಕಿಯಲ್ಲಿನ ಕಲ್ಲು ಕಾಣುತ್ತಿರಲಿಲ್ಲ. ವಾರಿಜಾಕ್ಷಿಗೆ ಉಬ್ಬಸ. ಮುಂಜಾನೆಯ ಚಳಿಯಲ್ಲಿ ಒದ್ದೆ ಬಟ್ಟೆ ಉಟ್ಟು ಹೊಗೆಯಲ್ಲಿ ಕೂತರೆ ಮಧ್ಯಾಹ್ನದವರೆಗೆ ಎದೆ ಸೀಟಿ ಹೊಡೆಯುತ್ತಿತ್ತು. ಹಾಗಾಗಿ ಗೋಮತಿಯೇ ಅಜ್ಜಿಯ ಕೈಯಾಗಿದ್ದಳು. ಮಿಂದು, ನೀರು ಸೇದಿ, ಅಕ್ಕಿ ಆರಿಸಿ, ಬೆಂಕಿ ಮಾಡಿ, ಅಜ್ಜಿ ಹೇಳಿದ ಹಾಗೆ ಅನ್ನ, ಪಾಯಸ ಇಳಿಸುತ್ತಿದ್ದಳು.

"ಈ ಒಲೆ ಇನ್ನು ನಿನ್ನದೇ," ಎಂದು ವಿಶಾಲಾಕ್ಷಮ್ಮ ಆಗಾಗ ಹೇಳುತ್ತಿದ್ದರು. "ಮದುವೆಯಾಗಿ ಹೋಗುವವರೆಗೆ."

"ಅದಾದ ಮೇಲೆ?"

"ಹತ್ತಿರದಲ್ಲೇ ಎಲ್ಲಾದರೂ ಕೊಡುವ."

*

ಟೆಂಟು ಎದ್ದ ಕೆಲವೇ ದಿನಗಳಲ್ಲಿ ಉತ್ತಯ್ಯನವರು ಮತ್ತೆ ಜಗಲಿಗೆ ಬಂದರು. ಈ ಸಲ ಕೂರಲಿಲ್ಲ, ನಿಂತೇ ಹೇಳಿದರು.

"ಮಾಷ್ಟ್ರೇ, ನಮ್ಮ ಪ್ರಿಂಟ್ ವಾಪಸು ಹೋದಾಗ ಮದರಾಸಿನಲ್ಲಿ ಯಾರೋ ನೋಡಿದ್ದಾರೆ. ಇಷ್ಟು ನೀಟಾಗಿ ಜಾಯಿಂಟ್ ಮಾಡಿದ್ದು ಯಾರು ಅಂತ ಕೇಳಿದ್ದಾರೆ."

"ಯಾರು ಕೇಳಿದ್ದು?"

"ವನಜಮ್ಮ ಅಂತ. ನಮ್ಮ ಮೈಸೂರು ಕಡೆಯವರೇ. ಅಲ್ಲೊಂದು ಫಿಲ್ಮ್ ಲ್ಯಾಬೊರೇಟರಿಯಲ್ಲಿ ನೆಗೆಟಿವ್ ಕತ್ತರಿಸುವ ಕೋಣೆ ಅವರ ಕೈಕೆಳಗೆ. ಕೆಲಸದವರೆಲ್ಲ ಹೆಣ್ಣುಮಕ್ಕಳು. ಆರು ತಿಂಗಳು ಕಲಿಸ್ತಾರೆ, ಆಮೇಲೆ ಸಂಬಳ. ಉಳಿಯೋದು ವನಜಮ್ಮನ ಮನೇಲೇ. ಹುತ್ತರಿ ಹಬ್ಬ ಆದ ಮೇಲೆ ಕಳಿಸಿ ಅಂದಿದ್ದಾರೆ."

ಒಳಗೆ ಕಾಫಿ ಸೋಸುತ್ತಿದ್ದ ಗೋಮತಿಯ ಕೈ ನಿಂತಿತು. ವಾರಿಜಾಕ್ಷಿ ಅವಳ ಮುಖ ನೋಡಿದಳು. ಅವಳಿಗೆ ಇದು ಮೊದಲೇ ಗೊತ್ತಿತ್ತೆಂಬುದು ತಾಯಿಗೆ ತಿಳಿಯಿತು.

"ನೀನು ಹೂಂ ಅಂದಿದ್ದೀಯಾ?"

"ಅಪ್ಪನನ್ನು ಕೇಳಿ ಅಂದೆ."

"ಅಂದ್ರೆ ಹೂಂ ಅಂತಲೇ ಆಯ್ತು."

ರಾತ್ರಿ ಊಟಕ್ಕೆ ಕೂತಾಗ ಮಾತು ಎದ್ದಿತು. ಶಾಮಣ್ಣ ಲೆಕ್ಕದ ಮಾಷ್ಟ್ರು. ಯಾವುದನ್ನೂ ಒಂದೊಂದೇ ಹೆಜ್ಜೆಯಾಗಿ ಕೇಳುವವರು.

"ಬಣ್ಣ ಹಚ್ಚಿಕೊಳ್ಳುವ ಕೆಲಸ ಅಲ್ಲ ತಾನೇ?"

"ಅಲ್ಲ ಅಪ್ಪ. ಯಾರೂ ನಮ್ಮನ್ನು ನೋಡುವುದೇ ಇಲ್ಲ. ಬಾಗಿಲು ಹಾಕಿದ ಕೋಣೆ. ಡೈರೆಕ್ಟರು ಹೇಳಿದ ಜಾಗದಲ್ಲಿ ನೆಗೆಟಿವ್ ಕತ್ತರಿಸಿ ಜೋಡಿಸಬೇಕು. ಅದರಿಂದಲೇ ಎಲ್ಲ ಪ್ರಿಂಟ್ ತೆಗೆಯುವುದು. ಒಂದು ಕಡೆ ತಪ್ಪಿದರೆ ಎಲ್ಲ ಊರಲ್ಲೂ ತಪ್ಪೇ ಕಾಣ್ತದೆ."

"ತಪ್ಪಿದರೆ?" ಎಂದಳು ವಾರಿಜಾಕ್ಷಿ.

"ತಪ್ಪುವುದಿಲ್ಲ."

"ಅಹಂಕಾರ ನೋಡು," ಎಂದು ಒಳಗಿನಿಂದ ವಿಶಾಲಾಕ್ಷಮ್ಮ ನಕ್ಕರು. "ತೋರಿಸು ನೋಡುವ, ಎಂಥದು ಆ ಕೆಲಸ?"

ಗೋಮತಿ ಎಡಗೈಯಲ್ಲಿ ಫಿಲ್ಮು ಇದೆಯೆಂಬಂತೆ ಎತ್ತಿ ತುಟಿಗೆ ಮುಟ್ಟಿಸಿಕೊಂಡಳು. "ಮೊದಲು ಹೀಗೆ. ಯಾವ ಬದಿ ತುಟಿಗೆ ಅಂಟ್ತದೋ ಅದು ಲೇಪದ ಬದಿ. ಅದನ್ನು ಕೆರೆಯಬೇಕು. ಉತ್ತಯ್ಯನವರು ಕಲಿಸಿದ್ದು. ಕಣ್ಣು ಮುಚ್ಚಿದರೂ ಗೊತ್ತಾಗ್ತದೆ."

"ಜಾಣೆ," ಎಂದರು ಅಜ್ಜಿ. ಆದರೆ ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಹಾಗಾದರೆ ನನ್ನ ಒಲೆ?"

ಶಾಮಣ್ಣ ಎಲೆಯಿಂದ ಏಳುತ್ತ, "ಶನಿವಾರ ರಾಮಕೃಷ್ಣ ಬರಲಿ," ಎಂದರು.

*

ರಾಮಕೃಷ್ಣ ಶಾಮಣ್ಣನ ತಮ್ಮ. ಬಿ.ಎಸ್ಸಿ. ಓದಿ ಮಡಿಕೇರಿಯ ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಹುಡುಗರಿಗೆ ಪ್ರಯೋಗ ತೋರಿಸುವ ಕೆಲಸದಲ್ಲಿದ್ದ. ಅಲ್ಲೇ ಒಂದು ರೂಮು, ಹೋಟೆಲು ಊಟ, ಸಂಜೆ ಇಸ್ಪೀಟು. ಶನಿವಾರ ಬಸ್ಸು ಹಿಡಿದು ಮನೆಗೆ ಬಂದರೆ ಸೋಮವಾರ ಬೆಳಿಗ್ಗೆ ಹೊರಡುತ್ತಿದ್ದ. ಇನ್ನೂ ಮದುವೆಯಾಗಿರಲಿಲ್ಲ. ಹೆಣ್ಣುಮಕ್ಕಳು ವಿಜ್ಞಾನ ಕಲಿಯಬೇಕೆಂದು ಕಾಲೇಜಿನ ಸಂಘದಲ್ಲಿ ಅವನು ಭಾಷಣ ಮಾಡಿದ್ದು ಊರಿಗೆಲ್ಲ ಗೊತ್ತಿತ್ತು.

ಸುದ್ದಿ ಕೇಳಿ ಅವನು ಗೋಮತಿಯ ಬೆನ್ನು ತಟ್ಟಿದ. "ಕೂರ್ಗ್ ಮೈಸೂರಿಗೆ ಸೇರಬೇಕೋ ಬೇಡವೋ ಅಂತ ಇಲ್ಲಿ ಗಂಡಸರು ಕೂತು ವಾದ ಮಾಡ್ತಿರಲಿ. ನೀನು ಮದರಾಸಿಗೇ ಹೋಗಿಬಿಡು. ಅಮ್ಮನನ್ನು ನಾನು ಒಪ್ಪಿಸ್ತೇನೆ."

ಒಪ್ಪಿಸಲು ಅವನು ಆರಿಸಿಕೊಂಡದ್ದು ಮಧ್ಯಾಹ್ನದ ಊಟದ ಹೊತ್ತು. ಅಣ್ಣತಮ್ಮಂದಿರು ನಡುಮನೆಯಲ್ಲಿ ಕೂತಿದ್ದರು. ಹೊಸಿಲಿನಾಚೆ ವಿಶಾಲಾಕ್ಷಮ್ಮ ತಮ್ಮ ಎಲೆ ಹಾಕಿಕೊಂಡು ದಿನದ ಒಂದೇ ಊಟಕ್ಕೆ ಕೂತಿದ್ದರು. ವಾರಿಜಾಕ್ಷಿ ಬಾಳೆದಿಂಡಿನ ಪಲ್ಯ ಬಡಿಸುತ್ತಿದ್ದಳು.

"ಅಮ್ಮ, ಅದೇನು ಹೆದರುವಂಥ ವಸ್ತು ಅಲ್ಲ. ಫಿಲ್ಮು ಅಂದ್ರೆ ಮೂಲದಲ್ಲಿ ಎಂಥದು ಹೇಳಿ? ಹತ್ತಿ."

"ಹತ್ತಿಯಾ?"

"ಹತ್ತಿಯೇ. ಆಸಿಡ್ಡಿನಲ್ಲಿ ನೆನೆಸಿದ ಹತ್ತಿ. ಅದಕ್ಕೆ ಕರ್ಪೂರ ಸೇರಿಸ್ತಾರೆ."

"ಆರತಿಯ ಕರ್ಪೂರವಾ?"

"ಅದೇ. ಅದರ ಮೇಲೆ ಬೆಳ್ಳಿಯ ಲವಣ. ಪರದೆಯ ಮೇಲೆ ನಾವು ನೋಡುವ ಕಪ್ಪು ಎಲ್ಲ ಬೆಳ್ಳಿಯದ್ದು."

ವಿಶಾಲಾಕ್ಷಮ್ಮನ ಮುಖ ಅರಳಿತು. "ಕೇಳಿದೆಯಾ ವಾರಿಜ? ಹತ್ತಿ, ಕರ್ಪೂರ, ಬೆಳ್ಳಿ. ಇದು ನಮ್ಮ ದೇವರ ಕೋಣೆಯ ಸಾಮಾನೇ ಆಯ್ತಲ್ಲ! ಅಲ್ಲ ರಾಮ, ಆ ಬೆಳ್ಳಿ ಹತ್ತಿಗೆ ಹಿಡಿದು ನಿಲ್ಲುವುದು ಹೇಗೆ? ಉದುರುವುದಿಲ್ಲವಾ?"

ಒಳ್ಳೆಯ ಪ್ರಶ್ನೆ. ಒಳ್ಳೆಯ ಪ್ರಶ್ನೆ ಕೇಳಿದ ಹುಡುಗನಿಗೆ ಅರ್ಧ ಉತ್ತರ ಕೊಡುವುದು ರಾಮಕೃಷ್ಣನಿಗೆ ಲ್ಯಾಬಿನಲ್ಲೂ ಆಗುತ್ತಿರಲಿಲ್ಲ.

"ಅದಕ್ಕೊಂದು ಅಂಟು ಉಂಟು. ಜೆಲಟಿನ್ ಅಂತ."

"ಯಾವ ಮರದ್ದು?"

"ಮರದ್ದಲ್ಲ." ಶಾಮಣ್ಣ ತಲೆ ಎತ್ತಿ ತಮ್ಮನನ್ನು ನೋಡಿದರು. ತಮ್ಮ ಅನ್ನಕ್ಕೆ ಸಾರು ಕಲಸುತ್ತಿದ್ದ. "ಎಲುಬು, ಚರ್ಮ ಬೇಯಿಸಿ ತೆಗೀತಾರೆ. ಹೆಚ್ಚಾಗಿ ದನದ್ದು. ಆದರೆ ಎಷ್ಟು ಶುದ್ಧ ಮಾಡ್ತಾರೆ ಅಂದ್ರೆ, ಅಮ್ಮ, ಬಣ್ಣ ಇಲ್ಲ, ವಾಸನೆ ಇಲ್ಲ..."

"ತುಟಿಗೆ ಅಂಟ್ತದೆ ಅಂದಳಲ್ಲ ಇವಳು," ಎಂದರು ವಿಶಾಲಾಕ್ಷಮ್ಮ ನಿಧಾನಕ್ಕೆ. "ಆ ಅಂಟಾ?"

ಅವರು ಎಲೆಯನ್ನು ತಮ್ಮ ಕಡೆಗೆ ಮಡಚಿದರು. ಅನ್ನ ಹಾಗೇ ಇತ್ತು. ಎದ್ದು ಹಿತ್ತಿಲಿಗೆ ಹೋಗಿ ಕೈ ತೊಳೆದು, ಬಹಳ ಹೊತ್ತು ಬಾಯಿ ಮುಕ್ಕಳಿಸಿದರು.

"ನಿನಗೆ ಬೇರೆ ಹೊತ್ತು ಸಿಗಲಿಲ್ಲವಾ ಮಾರಾಯ?" ಎಂದರು ಶಾಮಣ್ಣ.

"ಕೇಳಿದರು, ಹೇಳಿದೆ. ಸುಳ್ಳು ಹೇಳಬೇಕಿತ್ತಾ?"

"ಸುಮ್ಮನೆ ಇರಬಹುದಿತ್ತು," ಎಂದಳು ವಾರಿಜಾಕ್ಷಿ. "ಅವರಿಗೆ ಇನ್ನು ನಾಳೆ ಮಧ್ಯಾಹ್ನವೇ ಊಟ."

*

ಮರುದಿನ ವಿಶಾಲಾಕ್ಷಮ್ಮ ದೇವರ ಒಲೆಯ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು, ಬೂದಿ ಹಾಕಿ ಬೆಳಗಿದರು. ಒಲೆಯನ್ನು ಸೆಗಣಿಯಿಂದ ಸಾರಿಸಿದರು. ಗೋಮತಿ ಸಹಾಯಕ್ಕೆ ಬಂದಾಗ ಕೈ ಅಡ್ಡ ಮಾಡಿದರು. ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ತೀರ್ಥವನ್ನು ಉದ್ಧರಣೆಯಲ್ಲಿ ಅವಳ ಅಂಗೈಗೆ ಹಾಕಿ, "ಕುಡಿ," ಎಂದರು. ಕುಡಿದಳು.

"ನನಗೆ ಗೊತ್ತಿರಲಿಲ್ಲ ಅಜ್ಜಿ."

"ಗೊತ್ತಿದ್ದರೆ ತುಟಿಗೆ ಇಡ್ತಿರಲಿಲ್ಲವಾ?"

ಗೋಮತಿ ಯೋಚಿಸಿದಳು. "ಹೇಳಲಿಕ್ಕೆ ಬರುವುದಿಲ್ಲ," ಎಂದಳು.

"ಸತ್ಯ ಹೇಳಿದೆ, ಒಳ್ಳೆಯದು. ಚಿಕ್ಕಪ್ಪನದೇ ಬುದ್ಧಿ. ಆ ಬಾಯಲ್ಲಿ ಒಂದು ವರ್ಷ ನನ್ನ ಜೊತೆ ಮಂತ್ರ ಹೇಳಿದ್ದೀಯ. ಆ ಕೈಯಲ್ಲಿ ದೇವರಿಗೆ ಅನ್ನ ಮಾಡಿದ್ದೀಯ. ನಾನು ಉಂಡರೆ ನನ್ನ ಪಾಪ. ದೇವರಿಗೆ ಉಣ್ಣಿಸಿದೆನಲ್ಲ."

ಅಂದಿನಿಂದ ಗೋಮತಿ ದೇವರ ಒಲೆಗೆ ಹೋಗಲಿಲ್ಲ. ಶೆಡ್ಡಿಗೂ ಹೋಗಬೇಡವೆಂದು ಶಾಮಣ್ಣ ಹೇಳಿದರು. "ಗುಡಿಗೆ ಬರುವವರು ನಾಳೆ ಕೇಳಿದರೆ ನಾನೇನು ಹೇಳಲಿ? ಮದರಾಸಿನ ಮಾತು ಸದ್ಯಕ್ಕೆ ಬೇಡ."

"ಸದ್ಯಕ್ಕೆ ಅಂದ್ರೆ ಹುತ್ತರಿ ಕಳೆದು ಹೋಗ್ತದೆ ಅಪ್ಪ. ಆ ಜಾಗ ಬೇರೆಯವರಿಗೆ ಕೊಡ್ತಾರೆ."

"ಕೊಡಲಿ."

ಬೆಳಿಗ್ಗೆ ಒದ್ದೆ ಸೀರೆ ಉಟ್ಟು ಒಲೆ ಮುಂದೆ ಕೂರುವುದು ವಾರಿಜಾಕ್ಷಿಯ ಪಾಲಿಗೆ ಬಂತು. ಎರಡನೆಯ ವಾರಕ್ಕೆ ಅವಳ ಕೆಮ್ಮು ಬೀದಿಗೆ ಕೇಳುತ್ತಿತ್ತು. ಗೋಮತಿ ಹೊರಗಿನ ಕೆಲಸವನ್ನೆಲ್ಲ ಮಾಡಿದಳು. ದನ ಕಟ್ಟಿದಳು, ಬಟ್ಟೆ ಒಗೆದಳು, ಕಾಫಿಬೀಜ ಹುರಿದಳು, ಕುಟ್ಟಿದಳು. ಮಾತು ಕಡಿಮೆಯಾಯಿತು. ಸಂಜೆ ಟೆಂಟಿನ ಕಡೆಯಿಂದ ಹಾಡು ಕೇಳುತ್ತಿತ್ತು. ಹಾಡು ನಡುವಿನಲ್ಲಿ ತುಂಡಾಗಿ ಎಸ್ಟೇಟಿನ ಲೈನುಮನೆಗಳಿಂದ ಬಂದ ಕೂಲಿಯವರು ಸಿಳ್ಳೆ ಹೊಡೆಯುವುದೂ ಕೇಳುತ್ತಿತ್ತು. ಪ್ರತಿ ಸಲವೂ ಗೋಮತಿ ಕೈಯಲ್ಲಿದ್ದ ಕೆಲಸ ಬಿಟ್ಟು, ಮತ್ತೆ ಹಾಡು ಹಿಡಿಯುವವರೆಗೆ ನಿಲ್ಲುತ್ತಿದ್ದಳು.

ರಾಮಕೃಷ್ಣ ಮುಂದಿನ ಶನಿವಾರ ಬಂದು ತಾಯಿಯ ಹತ್ತಿರ ವಾದ ಮಾಡಿ ನೋಡಿದ. ರಾಸಾಯನಿಕವಾಗಿ ಅದು ಎಲುಬೇ ಅಲ್ಲ ಎಂದ.

"ಹಾಗಾದರೆ ಎಲುಬು ಅಂತ ಯಾಕೆ ಹೇಳಿದೆ?"

"ಎಲುಬಿನಿಂದ ಬಂದದ್ದು ಅಂದೆ."

"ನೀನು ನನ್ನಿಂದ ಬಂದವನು. ನನ್ನ ಮಗ ಅಲ್ಲವಾ ಹಾಗಾದರೆ?"

ಇಸ್ಪೀಟಿನ ಜೊತೆಯವರು ಕಾಯುತ್ತಿದ್ದಾರೆಂದು ಅವನು ಭಾನುವಾರ ಸಂಜೆಯೇ ಮಡಿಕೇರಿಯ ಬಸ್ಸು ಹತ್ತಿದ.

ಜಗಳ ಒಡೆದದ್ದು ಸಂಕಷ್ಟಿಯ ದಿನ. ಅಂದು ಗುಡಿಗೆ ಪಾಯಸ ಹೆಚ್ಚು ಆಗಬೇಕು. ವಾರಿಜಾಕ್ಷಿ ಕೆಮ್ಮು ತಡೆಯಲಾರದೆ ಒಲೆಯ ಮುಂದಿನಿಂದ ಎದ್ದು ಹೊರಗೆ ಬಂದಳು. ಪಾಯಸ ತಳ ಹಿಡಿಯಿತು. ಗೋಮತಿ ಹೊಸಿಲಿನ ಹೊರಗೆ ನಿಂತು ನೋಡುತ್ತಿದ್ದಳು, ಒಳಗೆ ಕಾಲಿಡಲಿಲ್ಲ.

"ಸೀದ ವಾಸನೆ ಬಂತಲ್ಲ," ಎಂದರು ವಿಶಾಲಾಕ್ಷಮ್ಮ. "ಇಷ್ಟು ವರ್ಷ ಈ ಒಲೆಯಲ್ಲಿ ತಳ ಹಿಡಿದದ್ದಿಲ್ಲ."

ವಾರಿಜಾಕ್ಷಿ ಕಂಬ ಹಿಡಿದು ನಿಂತಿದ್ದಳು. ಉಸಿರು ಸಿಕ್ಕಿದ ಕೂಡಲೇ ಹೇಳಿದಳು: "ಅತ್ತೆ, ನಿಮ್ಮ ಮಗ ಗುಡಿಯಲ್ಲಿ ದಿನಾ ಶಂಖ ಊದ್ತಾರಲ್ಲ, ಅದನ್ನು ಎಲ್ಲಿ ಇಟ್ಟು ಊದ್ತಾರೆ?"

"ಎಂಥ ಮಾತು ಅದು?"

"ತುಟಿಗೆ ಇಟ್ಟೇ ಊದುವುದಲ್ಲವಾ? ಅದೇನು ಬಳ್ಳಿಯಲ್ಲಿ ಬಿಟ್ಟದ್ದಾ? ಮಂಗಳಾರತಿಗೆ ಬಡಿಯುವ ಚಂಡೆ ಎಂಥದರದ್ದು? ಅದನ್ನು ಬಡಿದ ಕೈಯಲ್ಲೇ ಚಂಡೆಯ ಮುತ್ತ ಪ್ರಸಾದ ತಗೊಳ್ತಾನೆ."

"ಶಂಖ ಸಮುದ್ರದ್ದು. ಶಾಸ್ತ್ರದಲ್ಲಿ ಅದಕ್ಕೆ ಜಾಗ ಉಂಟು. ಈ ಫಿಲ್ಮಿಗೆ ಎಲ್ಲಿದೆ ಜಾಗ?"

"ಶಾಸ್ತ್ರ ಬರೆದವರು ಸಿನೆಮಾ ನೋಡಿದವರಲ್ಲ!"

"ವಾರಿಜ!" ಎಂದರು ಶಾಮಣ್ಣ ಜಗಲಿಯಿಂದ.

"ನೀವು ಸುಮ್ಮನಿರಿ. ನೀವು ಮಂತ್ರ ಹೇಳಿ ಶಾಲೆಗೆ ಹೋಗ್ತೀರಿ. ನಿಮ್ಮ ತಮ್ಮ ಪಾಠ ಹೇಳಿ ಬಸ್ಸು ಹತ್ತಿದರು. ಇಲ್ಲಿ ಹೊಗೆ ಕುಡಿಯುವವರು ನಾವು ಮೂವರು. ಅದರಲ್ಲೊಬ್ಬಳಿಗೆ ಬೇರೆ ಕೆಲಸ ಬರ್ತದೆ, ದೂರದವರು ಗುರುತಿಸಿ ಕರೀತಾರೆ. ನನಗೆ ಸಿನೆಮಾ ಅಂದ್ರೆ ಇಷ್ಟ ಇಲ್ಲ. ಅವಳು ಹೋಗುವುದೂ ಇಷ್ಟ ಇಲ್ಲ. ಆದರೆ ಎಲುಬಿನ ನೆಪ ಹಿಡಿದು ನಿಲ್ಲಿಸಬೇಡಿ. ಒಲೆಗೆ ಜನ ಬೇಕು ಅಂತ ನಿಲ್ಲಿಸುವುದಾದರೆ ಹಾಗೇ ಹೇಳಿ."

ವಿಶಾಲಾಕ್ಷಮ್ಮ ಸುಟ್ಟ ಪಾಯಸವನ್ನು ದನದ ಬಾನಿಗೆ ಸುರಿದು ಬಂದರು. ಬೇರೆ ಅಕ್ಕಿ ತೊಳೆದರು. ಅಂದು ನೈವೇದ್ಯ ತಡವಾಗಿ ಹೋಯಿತು, ಶಾಮಣ್ಣ ಶಾಲೆಗೆ ತಡವಾಗಿ ಹೋದರು.

*

ಎರಡು ದಿನ ಬಿಟ್ಟು ಉತ್ತಯ್ಯನವರು ಬಂದರು. ಒಳಗಿನ ಸಮಾಚಾರವೆಲ್ಲ ಅವರಿಗೆ ತಲುಪಿತ್ತು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಹೊಸಿಲಿನೊಳಗೆ ಕೂತಿದ್ದ ವಿಶಾಲಾಕ್ಷಮ್ಮನಿಗೆ ಕೇಳುವಂತೆ ಗಟ್ಟಿಯಾಗಿ ಮಾತಾಡಿದರು.

"ಅಮ್ಮ, ಆ ಕೆಟ್ಟ ಅಭ್ಯಾಸ ಕಲಿಸಿದ್ದು ನಾನು. ನಾವು ಮಿಲಿಟರಿಯವರು, ಕತ್ತಲೆಯಲ್ಲಿ ಬೇಗ ಬೇಗ ಮಾಡ್ತಿದ್ದೆವು. ವನಜಮ್ಮನ ಹತ್ತಿರ ಅದು ನಡೆಯೋದಿಲ್ಲ. ಪ್ರಿಂಟ್ ಹಾಳಾದ್ರೆ ಇನ್ನೊಂದು ತೆಗೀಬಹುದು. ನೆಗೆಟಿವ್ ಒಂದೇ ಇರೋದು. ತುಟಿ ಬಿಡಿ, ಬರಿಗೈ ತಾಗಿದ್ರೂ ಬೆವರಿನ ಗುರುತು ಬೀಳ್ತದೆ. ಬಿಳಿ ಬಟ್ಟೆಯ ಗ್ಲೌಸು ಹಾಕಿ, ತಲೆಗೆ ಬಟ್ಟೆ ಕಟ್ಟಿ ಒಳಗೆ ಹೋಗಬೇಕು. ಒಳಗಿದ್ದವರನ್ನು ಹೊರಗಿನವರು ಮುಟ್ಟುವ ಹಾಗಿಲ್ಲ. ತುಟಿಗೆ ಇಟ್ಟವಳನ್ನು ಆ ದಿನವೇ ಮನೆಗೆ ಕಳಿಸಿಬಿಡ್ತಾರಂತೆ."

"ಇವಳು ಇಟ್ಟರೆ?" ಎಂದು ಒಳಗಿನಿಂದ ಧ್ವನಿ ಬಂತು.

"ಇವಳನ್ನೂ ಕಳಿಸ್ತಾರೆ. ಅದೇ ನನ್ನ ಭಯ. ಇವಳಿಗೆ ಕೈ ತಾನಾಗಿ ಮೇಲೆ ಹೋಗ್ತದೆ."

ಉತ್ತಯ್ಯನವರು ಕಾಫಿ ಕುಡಿದು ಹೋದರು. ಮಧ್ಯಾಹ್ನ ವಿಶಾಲಾಕ್ಷಮ್ಮ ಹಿತ್ತಿಲಿನ ಮೆಟ್ಟಿಲ ಮೇಲೆ ಕೂತು ಗೋಮತಿಯನ್ನು ಕರೆದರು.

"ಆ ಫಿಲ್ಮಿನ ಚೂರು ಉಂಟಾ ನಿನ್ನ ಹತ್ತಿರ?"

"ಕೊಟ್ಟಿಗೆಯ ಅಟ್ಟದಲ್ಲಿ ಉಂಟು."

"ತಾ. ಒಳಗೆ ತರಬೇಡ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಡು."

ಗೋಮತಿ ತಂದಿಟ್ಟಳು.

"ನಾನು ಪಾಯಸಕ್ಕೆ ಬೆಲ್ಲ ಹಾಕುವಾಗ ಬಾಯಿಗೆ ಇಟ್ಟು ನೋಡಿದ್ದು ಕಂಡಿದ್ದೀಯಾ?"

"ಇಲ್ಲ."

"ಮೂಸಿದ್ದು?"

"ಇಲ್ಲ ಅಜ್ಜಿ. ದೇವರಿಗಿಂತ ಮೊದಲು ನೋಡಬಾರದಲ್ಲ."

"ಬೆಲ್ಲದ ಒಂದೊಂದು ಅಚ್ಚು ಒಂದೊಂದು ಥರ. ಒಂದು ಉಪ್ಪುಪ್ಪು, ಒಂದು ಜೋನಿಬೆಲ್ಲದ ಹಾಗೆ ಮೆತ್ತಗೆ. ಆದರೂ ಯಾವ ದಿನವಾದರೂ ಸಿಹಿ ಹೆಚ್ಚುಕಡಿಮೆ ಆಯ್ತು ಅಂತ ನಿನ್ನಪ್ಪ ಹೇಳಿದ್ದುಂಟಾ? ಮುರಿಯುವಾಗ ಕೈಗೆ ಗೊತ್ತಾಗಬೇಕು. ನಿನಗೂ ಗೊತ್ತಾಗುತ್ತಿತ್ತು, ನಾನು ನೋಡಿದ್ದೇನೆ. ಮತ್ತೆ ಆ ಶೆಡ್ಡಿನಲ್ಲಿ ಯಾಕೆ ಬಾಯಿಗೆ ಇಟ್ಟೆ?"

"ಬೇಗ ಆಗ್ತದೆ ಅಂತ."

"ಬೇಗ ಆಗಲಿ ಅಂತ ಮಾಡುವುದು ಒಂದು ಕೆಲಸವಾ? ಈಗ ನೋಡು. ಕಣ್ಣು ಮುಚ್ಚು. ಯಾವ ಬದಿ ಹೇಳು."

ಗೋಮತಿ ಕಣ್ಣು ಮುಚ್ಚಿ ಒಂದು ಚೂರು ಎತ್ತಿಕೊಂಡಳು. ಕೈ ಮೇಲಕ್ಕೆ ಹೋಯಿತು.

"ಹ್ಞಾ!" ಎಂದರು ಅಜ್ಜಿ.

ಕೈ ಕೆಳಗಿಳಿಯಿತು. ಬೆರಳಿನಿಂದ ಸವರಿ ಒಂದು ಬದಿ ಹೇಳಿದಳು. ಕಣ್ಣು ತೆರೆದು ನೋಡಿದರೆ ತಪ್ಪಾಗಿತ್ತು.

"ಅಹಂಕಾರ ಎಲ್ಲಿ ಹೋಯ್ತು?"

ಆಮೇಲೆ ದಿನಾ ಮಧ್ಯಾಹ್ನ ಇದೇ ನಡೆಯಿತು. ಮುದುಕಿ ಮೇಲಿನ ಮೆಟ್ಟಿಲಲ್ಲಿ, ಹುಡುಗಿ ಕಲ್ಲಿನ ಹತ್ತಿರ. ವಿಶಾಲಾಕ್ಷಮ್ಮ ಒಮ್ಮೆಯೂ ಫಿಲ್ಮು ಮುಟ್ಟಲಿಲ್ಲ. ಪೊರೆಯ ಕಣ್ಣಿಗೆ ಚೂರು ಕಾಣದಿದ್ದರೂ ಕೈ ಮೇಲೆ ಹೋಗುವುದು ಕಾಣುತ್ತಿತ್ತು. ಹೋದ ಕೂಡಲೇ "ಹ್ಞಾ!" ಎನ್ನುತ್ತಿದ್ದರು. ಬಿಡಿ ಚೂರು ಲೇಪದ ಕಡೆಗೇ ಸ್ವಲ್ಪ ಬಾಗುತ್ತದೆಂಬುದನ್ನು ಗೋಮತಿ ತಾನೇ ಕಂಡುಕೊಂಡಳು. ಹಳೆಯ ಕಾಲುಚೀಲ ಕೈಗೆ ಹಾಕಿಕೊಂಡು, ಆ ಬಾಗನ್ನು ಬಟ್ಟೆಯ ಮೂಲಕವೇ ಹಿಡಿಯಲು ಕಲಿತಳು. ತಪ್ಪು ಕಡಿಮೆಯಾಯಿತು. ಆಮೇಲೆ "ಹ್ಞಾ" ಎನ್ನುವುದೂ ಕಡಿಮೆಯಾಯಿತು. ಒಂದು ಮಧ್ಯಾಹ್ನ ವಿಶಾಲಾಕ್ಷಮ್ಮ ಒಮ್ಮೆಯೂ ಬಾಯಿ ತೆರೆಯಲಿಲ್ಲ. ಗೋಮತಿ ಅಜ್ಜಿಗೆ ನಿದ್ದೆ ಬಂತೆಂದುಕೊಂಡಳು. ತಿರುಗಿ ನೋಡಿದರೆ ಅವರು ಎಚ್ಚರವಾಗೇ ಇದ್ದರು.

*

ಹುತ್ತರಿಯ ಹಿಂದಿನ ಶನಿವಾರ ಎಲ್ಲರೂ ಊಟಕ್ಕೆ ಕೂತಾಗ ವಿಶಾಲಾಕ್ಷಮ್ಮ ಹೊಸಿಲಿನಾಚೆಯಿಂದ ಹೇಳಿದರು: "ಇವಳು ಹೋಗಲಿ."

ಶಾಮಣ್ಣನ ತುತ್ತು ಅರ್ಧದಲ್ಲಿ ನಿಂತಿತು.

"ಆ ವನಜಮ್ಮ ಒಳ್ಳೆಯ ಹೆಂಗಸು. ಮುಟ್ಟಬಾರದು ಅ‌ಂದ್ರೆ ಏನು ಅಂತ ಅವಳಿಗೆ ಗೊತ್ತುಂಟು. ಆದರೆ ಒಂದು ಮಾತು. ಎಲುಬು ಎಲುಬೇ. ಗ್ಲೌಸು ಹಾಕಿದರೂ ಅದನ್ನೇ ಹಿಡಿದು ಬದುಕುವ ಕೈ. ರಜೆಗೆ ಬಂದಾಗ ಈ ಮನೆ ಎಲ್ಲ ನಿನ್ನದು ಗೋಮತಿ, ಆ ಒಲೆ ಅಲ್ಲ. ಇನ್ನು ಯಾವತ್ತೂ ಅಲ್ಲ."

ಗೋಮತಿ ಬಡಿಸುತ್ತಿದ್ದವಳು ಸೌಟು ಹಿಡಿದು ನಿಂತಳು. ಬೇಕೆಂದದ್ದು ಸಿಕ್ಕಿತ್ತು. ಆದರೂ ಕಣ್ಣಲ್ಲಿ ನೀರು ತುಂಬಿತು. "ಹೂಂ ಅಜ್ಜಿ," ಎಂದಳು.

"ಮತ್ತೆ ಒಲೆ ಯಾರು ನೋಡ್ತಾರೆ?" ಎಂದರು ಶಾಮಣ್ಣ. "ಇವಳಿಗೆ ಉಬ್ಬಸ. ನಾನು ಗುಡಿಯಲ್ಲಿ ಇರಬೇಕು."

ರಾಮಕೃಷ್ಣ ಹುಳಿ ಕಲಸಿಕೊಂಡು ಎರಡು ತುತ್ತು ಉಂಡ. ಮೂರನೆಯದಕ್ಕೆ ತಲೆ ಎತ್ತಿದಾಗ ಎಲ್ಲರೂ ತನ್ನನ್ನೇ ನೋಡುತ್ತಿದ್ದರು.

"ನಾನಾ?"

"ನಿನಗೆ ಜನಿವಾರ ಉಂಟಲ್ಲ," ಎಂದರು ತಾಯಿ.

"ಅಮ್ಮ, ನನಗೆ ಮಡಿಕೇರಿಯಲ್ಲಿ ಲ್ಯಾಬು, ರೂಮು..."

"ಬೆಳಗಿನ ಬಸ್ಸು ಉಂಟು," ಎಂದಳು ವಾರಿಜಾಕ್ಷಿ. "ಸಂಜೆಯ ಬಸ್ಸೂ ಉಂಟು."

"ಅತ್ತಿಗೆ, ನನಗೆ ಅಡುಗೆಯೇ ಬರುವುದಿಲ್ಲ."

"ಹೆಣ್ಣುಮಕ್ಕಳು ಏನು ಬೇಕಾದರೂ ಕಲೀಬಹುದು ಅಂತ ಭಾಷಣ ಮಾಡಿದ್ದೀಯಂತೆ. ಗಂಡುಮಕ್ಕಳಿಗೆ ಅಷ್ಟು ಬುದ್ಧಿ ಇಲ್ಲ ಅಂತಲೂ ಹೇಳಿದ್ದೀಯಾ?" ಎಂದರು ತಾಯಿ.

ಶಾಮಣ್ಣನಿಗೆ ನಗು ಬಂತು. ರಾಮಕೃಷ್ಣ ಗೋಮತಿಯ ಕಡೆ ನೋಡಿದ. ಅವಳು ಹುಳಿಯ ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

"ಎಷ್ಟು ಹೊತ್ತಿಗೆ ಏಳಬೇಕು?" ಎಂದು ಕೇಳಿದ.

"ಕೋಳಿ ಕೂಗುವ ಮೊದಲು," ಎಂದರು ವಿಶಾಲಾಕ್ಷಮ್ಮ. "ಸೋಮವಾರದಿಂದಲೇ ಶುರು ಮಾಡು. ರೂಮು ಬಿಟ್ಟುಬಿಡು. ಹೋಟೆಲಿನಲ್ಲಿ ಉಂಡು ಬಂದು ಆ ಒಲೆ ಮುಟ್ಟುವ ಹಾಗಿಲ್ಲ."

*

ಹುತ್ತರಿಯ ಮನೆಮನೆಯ ಕುಣಿತ ಮುಗಿದು, ಊರು ಮತ್ತೆ ಕಾಫಿ ಕೊಯ್ಲಿಗೆ ಇಳಿದ ಮೇಲೆ ಗೋಮತಿ ಹೊರಟಳು. ಮದರಾಸಿನವರೆಗೆ ಬಿಟ್ಟು ಬರಲು ಶಾಮಣ್ಣ ಜೊತೆಗೆ. ಉತ್ತಯ್ಯನವರು ಟ್ರಂಕು ಹೊರಲು ಮುತ್ತನನ್ನು ಕಳಿಸಿ, ತಾವೂ ಬಸ್ ನಿಲ್ಲುವ ಜಾಗಕ್ಕೆ ಬಂದು ನಿಂತಿದ್ದರು. ವಾರಿಜಾಕ್ಷಿ ಬುತ್ತಿ ಕಟ್ಟಿಕೊಟ್ಟು, ಕೆಮ್ಮನ್ನು ಸೆರಗಿನಲ್ಲಿ ಅಡಗಿಸಿಕೊಂಡು ಮಗಳ ಜೊತೆ ಬೀದಿಗೆ ನಡೆದಳು.

ಹೊರಡುವ ಮೊದಲು ಗೋಮತಿ ದೇವರ ಒಲೆಯ ಕೋಣೆಯ ಹೊಸಿಲಿಗೆ ಬಂದು, ಹೊರಗಿನಿಂದಲೇ ನೆಲ ಮುಟ್ಟಿ ನಮಸ್ಕಾರ ಮಾಡಿದಳು. ಮಡಿಯಲ್ಲಿದ್ದ ವಿಶಾಲಾಕ್ಷಮ್ಮ ಮುಟ್ಟುವಂತಿರಲಿಲ್ಲ. ಕೈ ಎತ್ತಿ, "ಬಾಯಿಗೆ ಇಡಬೇಡ," ಎಂದರು ಅಷ್ಟೆ.

"ಇಡುವುದಿಲ್ಲ."

"ಚಿಕ್ಕಪ್ಪ, ಬಸ್ಸಿನ ಹತ್ತಿರ ಬರ್ತೀರಾ?" ಎಂದು ಗೋಮತಿ ಒಳಗೆ ನೋಡಿ ಕೇಳಿದಳು.

ಒಲೆಯ ಮುಂದೆ ಒದ್ದೆ ಪಂಚೆಯಲ್ಲಿ ನಡುಗುತ್ತ ಕೂತಿದ್ದ ರಾಮಕೃಷ್ಣ ಎದ್ದು ನಿಂತ. ಅಣ್ಣ ಬರುವವರೆಗೆ ಗುಡಿಯ ಪೂಜೆಯೂ ಅವನದೇ.

"ಪಾಯಸ ಕುದೀತಾ ಉಂಟು," ಎಂದರು ತಾಯಿ. ಅವನು ಮತ್ತೆ ಕೂತ. "ಹೋಗಿ ಬಾ ಮಗಾ," ಎಂದ, ಹೊಗೆಯಿಂದ ಕಣ್ಣು ಒರೆಸಿಕೊಳ್ಳುತ್ತ.

ಅವಳ ಹೆಜ್ಜೆ ಜಗಲಿ ದಾಟಿತು. ರಾಮಕೃಷ್ಣ ಬೆಲ್ಲದ ಅಚ್ಚನ್ನು ಮುರಿದು ಪಾತ್ರೆಗೆ ಹಾಕಿದ. ಸಾಕೋ ಸಾಲದೋ ತಿಳಿಯಲಿಲ್ಲ. ಇಷ್ಟು ದಿನದಲ್ಲಿ ಒಂದು ದಿನವೂ ತಿಳಿದಿರಲಿಲ್ಲ. ಒಮ್ಮೆ ಅತಿ ಸಿಹಿಯಾಗಿ, ಇನ್ನೊಮ್ಮೆ ಸಪ್ಪೆಯಾಗಿ, ಗುಡಿಯ ಪ್ರಸಾದ ತಿಂದವರು ಅವನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳುವಂತಾಗಿತ್ತು. ಸೌಟಿನ ತುದಿಯಲ್ಲಿ ಸ್ವಲ್ಪ ಪಾಯಸ ಎತ್ತಿ ಊದಿದ. ಕೈ ಬಾಯಿಯ ಹತ್ತಿರ ಬಂತು.

"ಹ್ಞಾ!"

ಸೌಟು ಕೆಳಗಿಳಿಯಿತು.

ಮೈಸೂರಿನ ಬಸ್ಸು ಪೇಟೆಯ ತಿರುವಿನಲ್ಲಿ ಹಾರನ್ನು ಹೊಡೆಯಿತು. ವಿಶಾಲಾಕ್ಷಮ್ಮ ತಲೆಯನ್ನು ಸ್ವಲ್ಪ ಓರೆ ಮಾಡಿ ಕೇಳಿಸಿಕೊಂಡರು. ಇಂಜಿನ್ನಿನ ಸದ್ದು ಕುಶಾಲನಗರದ ದಾರಿಯಲ್ಲಿ ಸಣ್ಣದಾಗುತ್ತ ಹೋಯಿತು.

"ಹೋಯ್ತಾ?"

"ಹೋಯ್ತು ಅಮ್ಮ."

ರಾಮಕೃಷ್ಣ ಇನ್ನೊಂದು ಅಚ್ಚು ಎತ್ತಿಕೊಂಡ. ಅದು ಮೊದಲಿನದರಂತೆ ಪಟ್ಟನೆ ಮುರಿಯಲಿಲ್ಲ, ಬೆರಳಿಗೆ ಮೆತ್ತಿಕೊಳ್ಳುತ್ತ ನಿಧಾನಕ್ಕೆ ಬಿಟ್ಟಿತು. ಅರ್ಧವನ್ನು ಹಾಕಿದ. ಉಳಿದರ್ಧವನ್ನು ಕೈಯಲ್ಲೇ ಹಿಡಿದು ತಾಯಿಯ ಕಡೆ ನೋಡಿದ.

"ನನ್ನನ್ನು ನೋಡಬೇಡ," ಎಂದರು ವಿಶಾಲಾಕ್ಷಮ್ಮ. "ಉರಿ ಸಣ್ಣ ಮಾಡು."